ಕಾಕುವಿನ ಅರ್ಧ ಪಾಲು

ಹೋದ ವಾರ ಫ್ರಿಜ್ಜಿನ ಕೆಳಗಿನ ಖಾನೆ ಎಳೆದದ್ದೇ ತಡ, ಕೊಳೆತ ಎಲೆಕೋಸಿನ ವಾಸನೆ ಮುಖಕ್ಕೆ ಹೊಡೆಯಿತು. ಒಬ್ಬಳಿಗೆ ಕಾಲು ಭಾಗ ಸಾಕಿತ್ತು. ಕೊಯ್ದು ಕೊಡುವುದಿಲ್ಲ ಎಂದು ಅಂಗಡಿಯವನು ಇಡೀ ಗಡ್ಡೆಯನ್ನೇ ಕೈಗಿಟ್ಟಿದ್ದ. ಉಳಿದದ್ದು ಕಪ್ಪಾಗಿ, ನೀರು ಬಿಟ್ಟು... ಮೂಗು ಮುಚ್ಚಿಕೊಂಡು ಎಸೆಯಲು ಹೊರಟವಳು ಒಂದು ಗಳಿಗೆ ತಿರುಗಿ ನೋಡಿದೆ. ಈಗ ಬೈಗುಳ ಬೀಳುತ್ತದೆ ಅನ್ನಿಸಿತ್ತು. ಬೈಯುವ ಆ ದನಿ ಕೇಳಿ ನಲವತ್ತು ವರ್ಷಗಳಾಗಿವೆ.

ಎಪ್ಪತ್ತರ ದಶಕದ ಕೊನೆಯಲ್ಲಿ ನನಗೆ ಇಳಕಲ್‌ನಲ್ಲಿ ಶಿಕ್ಷಕಿಯ ಕೆಲಸ ಸಿಕ್ಕಿತು. ಆರು ಮಕ್ಕಳ ಮನೆಯಲ್ಲಿ ಬೆಳೆದವಳು ನಾನು. ಒಬ್ಬಳೇ ಒಂದು ಖೋಲಿ ಹಿಡಿದು, ನನ್ನ ಪಗಾರದಲ್ಲಿ ನನಗೆ ಬೇಕಾದ್ದನ್ನು ತಂದು, ಯಾರಿಗೂ ಪಾಲು ಕೊಡದೆ ತಿನ್ನುವುದೇ ದೊಡ್ಡ ಸುಖ ಎಂದುಕೊಂಡಿದ್ದೆ. ಆ ಸುಖ ಮೂರು ದಿನ ಇತ್ತು. ನಾಲ್ಕನೆಯ ದಿನ ಪಕ್ಕದ ಖೋಲಿಯ, ಓಣಿಗೆಲ್ಲ ಚಿಕ್ಕಮ್ಮನಂತಿದ್ದ ಕಾಕು ನನ್ನ ಸಂತೆಯ ಚೀಲಕ್ಕೆ ಕೈ ಹಾಕಿದರು.

"ಒಂದ ಹೊಟ್ಟಿಗಿ ಒಂದ ಕಿಲೋ ಬದನಿಕಾಯಿ? ದುಕಾನ ಇಡಾಕಿ ಏನು?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಅರ್ಧ ಬದನೆಕಾಯಿ ತೆಗೆದುಕೊಂಡರು. ಅರ್ಧದ ರೊಕ್ಕ ಆಗಲೇ ಸೆರಗಿನ ಗಂಟಿನಿಂದ ಬಿಚ್ಚಿ ಕೊಟ್ಟರು. "ಹೆಚ್ಚಿಗಿ ತಗೊಂಡ್ರ ಸೋವಿ ಸಿಗತೈತಿ. ಅರ್ಧ ನಿಂದು, ಅರ್ಧ ನಂದು. ಇನ್ನ ಹಂಗs ತರೂಣು."

ಐವತ್ತು ದಾಟಿದ ಹೆಂಗಸು. ಗಂಡ ತೀರಿ ಬಹಳ ಕಾಲವಾಗಿತ್ತು, ಮಕ್ಕಳಿರಲಿಲ್ಲ. ನೇಕಾರರಿಗೆ ಮಗ್ಗದ ಲಾಳಿಯ ಕಂಡಿಕೆಗೆ ನೂಲು ಸುತ್ತಿಕೊಟ್ಟು ಬದುಕುತ್ತಿದ್ದರು. ಗೋಡೆಯಾಚೆ ಅವರ ರಾಟೆಯ ಸದ್ದು ನಿಂತಿತೆಂದರೆ ನಾನು ಚೀಲ ಮರೆಮಾಡುತ್ತಿದ್ದೆ. ಅವರು ನನ್ನ ಬಾಗಿಲಿಗೆ ಬಂದರೆಂದೇ ಅರ್ಥ.

ಅಲ್ಲಿಂದ ನನ್ನ ಬಾಳೆಲ್ಲ ಅರ್ಧವಾಯಿತು. ಅರ್ಧ ತೆಂಗಿನಕಾಯಿ, ಅರ್ಧ ಸೂಡು ಮೆಂತೆ, ಅರ್ಧ ಕುಂಬಳಕಾಯಿ. ಸಂತೆಗೆ ಬೆಳಿಗ್ಗೆ ಹೋಗುವಂತಿಲ್ಲ. ಮಾರುವವರು ಗಂಟು ಕಟ್ಟುವ ಹೊತ್ತಿಗೇ ಹೋಗಬೇಕು. ನನ್ನ ಶಾಲೆಯ ಹುಡುಗಿಯರ ತಾಯಂದಿರ ಎದುರಿಗೇ ಕಾಕು ಬಾಡಿದ ಹೀರೇಕಾಯಿಗೆ ಚೌಕಾಸಿ ಮಾಡುತ್ತಿದ್ದರೆ, ನಾನು ಸೆರಗು ಎಳೆದುಕೊಂಡು ಬಳೆ ಅಂಗಡಿಯ ಮರೆಗೆ ನಿಲ್ಲುತ್ತಿದ್ದೆ. "ಅಕ್ಕೋರ, ಅಲ್ಯಾಕ ನಿಂತ್ರಿ? ಚೀಲ ಹಿಡೀರಿ!" ಎಂದು ಅವರು ಅಲ್ಲಿಂದಲೇ ಕೂಗುತ್ತಿದ್ದರು. ಮಂದಿಯ ಎದುರು ಮಾತ್ರ ನಾನು ಶಾಲೆಯ ಅಕ್ಕೋರು. ಮನೆಗೆ ಬಂದ ಮೇಲೆ "ಏ ಹುಡುಗಿ."

ನಾನು ಕಡಲೆಹಿಟ್ಟು ತಂದರೆ ಯಾಕೆ ತಂದೆ, ಬಿಸ್ಕೀಟು ತಂದರೆ ಚುರುಮುರಿ ಇರಲಿಲ್ಲವೇ. ಒಂದು ದಿನ ಕಸದ ಬುಟ್ಟಿಯಿಂದ ಹೂಕೋಸಿನ ದಂಟು ಎತ್ತಿಕೊಂಡು ಬಂದರು. "ಇದನ್ನ ಯಾರ ಚಲ್ಲಿದ್ರು?" ಎಂದು ಕೇಳಿದರು. ಆ ಖೋಲಿಯಲ್ಲಿ ನನ್ನನ್ನು ಬಿಟ್ಟು ಇನ್ನಾರಿದ್ದರು! ಅಂದು ಆ ದಂಟಿನದೇ ಪಲ್ಯ ಮಾಡಿ ಒಂದು ಬಟ್ಟಲು ತಂದಿಟ್ಟರು. ರುಚಿಯಾಗಿತ್ತು. ಅದು ನನ್ನ ಸಿಟ್ಟನ್ನು ಇನ್ನೂ ಹೆಚ್ಚಿಸಿತು.

ಹೀಗೇ ಒಂದು ವರ್ಷ ನಡೆಯಿತು. ಆಮೇಲೆ ಒಂದು ರವಿವಾರ ನನ್ನ ಇಬ್ಬರು ಸಹೋದ್ಯೋಗಿಗಳನ್ನು ಊಟಕ್ಕೆ ಕರೆದೆ. ಒಳ್ಳೆಯ ಸಣ್ಣಕ್ಕಿ, ತುಪ್ಪ, ಶಾವಿಗೆ ಪಾಯಸ... ಕಾಕುವಿಗೆ ಸುಳಿವು ಕೊಡದೆ ಎಲ್ಲ ತಂದಿಟ್ಟಿದ್ದೆ. ಗೆಳತಿಯರು ಊಟಕ್ಕೆ ಕೂತಿದ್ದಾರೆ, ಕಾಕು ಹೊಸ್ತಿಲಲ್ಲಿ ನಿಂತಿದ್ದಾರೆ. ಕೈಯಲ್ಲಿ ಖಾಲಿ ಬೋಗುಣಿ.

"ಬಾಯೋರ, ಸಾಕಾದ್ರ ಈಗs ಹೇಳ್ರಿ. ತಾಟಿನ್ಯಾಗ ಬಿಟ್ಟು ಕೆಡಸಬ್ಯಾಡ್ರಿ. ನನಗ ಸಂಜಿಗಿ ಅಕ್ಕೈತಿ."

ಗೆಳತಿಯೊಬ್ಬಳು ನಗು ತಡೆಯಲು ಬಾಯಿಗೆ ಸೆರಗು ಒತ್ತಿಕೊಂಡಳು. ನನಗೆ ಭೂಮಿ ಬಾಯಿ ತೆರೆಯಬಾರದೇ ಅನ್ನಿಸಿತು. ಗೆಳತಿಯರು ಹೋದ ಮೇಲೆ ಕಾಕುವಿನ ಬಾಗಿಲಿಗೆ ಹೋಗಿ, ಒಂದು ವರ್ಷದ ಸಿಟ್ಟನ್ನೆಲ್ಲ ಒಂದೇ ಮಾತಿನಲ್ಲಿ ಕಾರಿಕೊಂಡೆ:

"ನಿಮ್ಮ ಬಡತನ ನನಗ ಹಚ್ಚಬ್ಯಾಡ್ರಿ ಕಾಕು. ನಾ ದುಡಿತೇನಿ, ನಾ ತಿಂತೇನಿ."

ಅವರು ರಾಟೆ ನಿಲ್ಲಿಸಲಿಲ್ಲ. "ಆತ ಬಿಡು," ಎಂದರು, ಅಷ್ಟೇ. ನೂಲು ಹರಿಯಿತು. ಗಂಟು ಹಾಕಿ ಮತ್ತೆ ಸುತ್ತತೊಡಗಿದರು.

ಮುಂದಿನ ಎರಡು ತಿಂಗಳು ಯಾರೂ ನನ್ನ ಚೀಲ ನೋಡಲಿಲ್ಲ. ಬೇಕಾದ್ದನ್ನೆಲ್ಲ ತಂದೆ. ಅರ್ಧ ತಿಂದೆ, ಅರ್ಧ ಕೊಳೆಯಿತು. ಪಗಾರ ಇಪ್ಪತ್ತನೆಯ ತಾರೀಖಿಗೇ ಮುಗಿಯತೊಡಗಿತು. ಇದಕ್ಕೂ ಕಾಕುವೇ ಕಾರಣ ಎಂಬಂತೆ ಗೋಡೆಯತ್ತ ನೋಡಿ ಹಲ್ಲು ಕಡಿಯುತ್ತಿದ್ದೆ.

ಆಮೇಲೊಂದು ಮುಂಜಾನೆ ಹಿಂದಿನ ಬಾಗಿಲು ಬಡಿದ ಸದ್ದಾಯಿತು. ಕಾಕು ನಿಂತಿದ್ದರು. ಮುಖ ಬಿಳಿಚಿಕೊಂಡಿತ್ತು.

"ನಿನ್ನ ಡಬ್ಬಿ ಕೊಡು."

"ಯಾವ ಡಬ್ಬಿರಿ?"

"ಎಲ್ಲಾ. ಅಣ್ಣ ಬಂದಾನ. ಗುಡಿಗಿ ಹೋಗ್ಯಾನ, ಈಗ ಬರ್ತಾನ. ನನ್ನ ಮಾಡ ಖಾಲಿ ಐತಿ. ನೋಡಿದ್ರ ಇವತ್ತs ಕರಕೊಂಡ ಹೋಗ್ತಾನ."

ಕುಳಗೇರಿ ಕ್ರಾಸಿನಲ್ಲಿ ಅಣ್ಣನ ಖಾನಾವಳಿ ಇತ್ತು. ಅಲ್ಲಿ ರೊಟ್ಟಿ ಬಡಿಯಲು ಆಳು ನಿಲ್ಲುತ್ತಿರಲಿಲ್ಲ. ತಂಗಿಗೆ ಒಬ್ಬಳೇ ಬದುಕುವುದು ನೀಗುವುದಿಲ್ಲ ಎಂದು ಕಂಡ ದಿನ ಕರೆದೊಯ್ಯುವುದಾಗಿ ಅಣ್ಣ ಹಿಂದೆಯೇ ಹೇಳಿದ್ದರಂತೆ. "ಒಮ್ಮಿ ಆ ಒಲಿ ಮುಂದ ಕೂತ್ನೆಂದ್ರ ಸಾಯೂಮಟ ಏಳಂಗಿಲ್ಲ ನಾ," ಎಂದರು ಕಾಕು. ಇದೆಲ್ಲವನ್ನೂ ಅವರು ಹೇಳಿದ್ದು ಡಬ್ಬಿಗಳನ್ನು ಎತ್ತಿ ಎತ್ತಿ ಸೆರಗಿಗೆ ತುಂಬಿಕೊಳ್ಳುತ್ತಲೇ.

ಉಳಿದವನ್ನು ನಾನು ಹೊತ್ತು ಹಿಂದೆ ಹೋದೆ. ಅವರ ಅಡುಗೆ ಮೂಲೆಯಲ್ಲಿ ಮಾಡವೆಂದರೆ ಗೋಡೆಯೊಳಗಿನ ಒಂದು ಗೂಡು. ಒಂದು ಡಬ್ಬಿಯಲ್ಲಿ ಜೋಳದ ಹಿಟ್ಟು, ಒಂದರಲ್ಲಿ ಗುರೆಳ್ಳು ಚಟ್ನಿ. ಬೇರೆ ಏನೂ ಇರಲಿಲ್ಲ. ಬೇಳೆ, ಬೆಲ್ಲ, ಎಣ್ಣೆ, ಕಾಯಿಪಲ್ಯ, ಎಲ್ಲವೂ ನನ್ನೊಡನೆ ಪಾಲಿನಲ್ಲಿ ತಂದರಷ್ಟೇ ಅವರ ಕೈಗೆ ಎಟುಕುತ್ತಿದ್ದವು. ಚಿಲ್ಲರೆ ದರದಲ್ಲಿ ಕೊಳ್ಳಲು ಅವರಿಂದಾಗುತ್ತಿರಲಿಲ್ಲ. ಎರಡು ತಿಂಗಳು ಆ ಹೆಂಗಸು...

ಡಬ್ಬಿ ಜೋಡಿಸಿ ಮುಗಿಯುವಷ್ಟರಲ್ಲಿ ಅಣ್ಣ ಹಣೆಗೆ ವಿಭೂತಿ ಹಚ್ಚಿಕೊಂಡು ಬಂದರು. ದೊಡ್ಡ ಮೈಯ, ಮೆತ್ತಗಿನ ಮಾತಿನ ಮನುಷ್ಯ. ನನಗೆ ನಮಸ್ಕಾರ ಮಾಡಿದರು. ಕೂತ ಮೇಲೆ ಸಹಜವೆಂಬಂತೆ ಮಾಡದತ್ತ ಕೈ ಚಾಚಿ ಒಂದೊಂದೇ ಮುಚ್ಚಳ ತೆರೆದರು. ತೊಗರಿಬೇಳೆ. ಸಕ್ಕರೆ. ಶೇಂಗಾ. ನಾಲ್ಕನೆಯ ಡಬ್ಬಿ ತೆರೆದು ಒಳಗಿನ ಒಂದು ಬಿಳಿ ಕಡ್ಡಿ ಎತ್ತಿ ಹಿಡಿದರು. ಅದರ ತುಂಬ ನಾನು ಶಾಲೆಯಿಂದ ತಂದ ಸೀಮೆಸುಣ್ಣ.

"ಇದೇನವಾ ತಂಗಿ?"

"ಇರಬಿಗಿ," ಎಂದರು ಕಾಕು, ಕಣ್ಣೆವೆ ಹೊಡೆಯದೆ. "ಸಾಮಾನು ಭಾಳ ಆಗ್ಯಾವು, ಇರಬಿ ಮುತ್ತತಾವು. ಸುತ್ತ ಗೆರಿ ಎಳಿತೇನಿ."

ಅಣ್ಣ ನನ್ನತ್ತ ತಿರುಗಿದರು. "ನೀವರ ಖರೆ ಹೇಳ್ರಿ ಅಕ್ಕೋರ. ಹೊಟ್ಟಿ ತುಂಬ ಉಂತಾಳೇನು ಈಕಿ?"

"ನನಗಿಂತ ಚೊಲೊ ಉಂತಾರ್ರಿ," ಎಂದೆ. ಹೇಳುವಾಗ ಕಾಕುವಿನ ಮುಖ ನೋಡಲಾಗಲಿಲ್ಲ.

ನನ್ನ ಬೇಳೆಯ ಸಾರು, ನನ್ನ ಅಕ್ಕಿಯ ಅನ್ನ ಉಂಡು, ಮಧ್ಯಾಹ್ನದ ಬಸ್ಸಿಗೆ ಅಣ್ಣ ಒಬ್ಬರೇ ಹೋದರು. ನಾನು ಖೋಲಿಗೆ ಬಂದು ಕೂತೆ. ಏನಾದರೂ ಹೇಳಬೇಕು, ಆ ದಿನದ ಮಾತಿಗೆ ತಪ್ಪಾಯಿತು ಅನ್ನಬೇಕು ಎಂದು ಮಾತು ಜೋಡಿಸುತ್ತಿದ್ದೆ. ಕಾಕು ಡಬ್ಬಿಗಳನ್ನು ಹೊತ್ತು ತಂದು ದಡಕ್ಕನೆ ಇಳಿಸಿದರು.

"ರವಾದಾಗ ಹುಳ ಆಗ್ಯಾವು! ಅವ ಆ ಡಬ್ಬಿ ತಗದಿದ್ರ ನನ್ನ ಗತಿ ಏನಾಗತಿತ್ತು? ಹುರದು ಇಡಾಕ ಬರೂದಿಲ್ಲೇನು ನಿನಗ?"

ಜೋಡಿಸಿದ ಮಾತೆಲ್ಲ ಅಲ್ಲೇ ಚೆದುರಿಹೋಯಿತು. ಅವರ ಮಾನ ಉಳಿಸಿದವಳು ನಾನು, ಬೈಸಿಕೊಂಡವಳೂ ನಾನೇ! "ನಾಳಿ ಸಂತಿ ಐತಿ, ಚೀಲ ತಗೊಂಡ ಲಗೂನ ಬಾ," ಎಂದು ಅವರು ಹೊರಟೇಬಿಟ್ಟರು. ಮರುದಿನ ಸಿಡುಕುತ್ತಲೇ ಹೋದೆ. ಅರ್ಧ ಪಾಲು ಮತ್ತೆ ಶುರುವಾಯಿತು.

ಎಂಬತ್ತರ ದಶಕದ ನಡುವೆ ನನಗೆ ಬಾಗಲಕೋಟೆಗೆ ವರ್ಗವಾಯಿತು. ಆಮೇಲೆ ಮದುವೆ, ಸಂಸಾರ. ಈ ವಾರ ಹೋಗಿ ಬರಬೇಕು, ಬರುವ ತಿಂಗಳು ಹೋಗಬೇಕು ಎನ್ನುತ್ತ ಮೂರು ವರ್ಷ ಕಳೆದವು. ಒಮ್ಮೆ ಬಸ್ ನಿಲ್ದಾಣದಲ್ಲಿ ಹಳೆಯ ಸಹೋದ್ಯೋಗಿ ಸಿಕ್ಕಳು, ಅಂದು ಸೆರಗಿನಲ್ಲಿ ನಗು ಮುಚ್ಚಿಕೊಂಡವಳೇ. "ನಿಮ್ಮ ಕಾಕು ಹೋಗಿ ಎಂಟ ತಿಂಗಳಾತು. ಗೊತ್ತಿಲ್ಲೇನು?" ಎಂದಳು.

"ಎಲ್ಲೆ ಹೋದ್ರು?" ಎಂದೆ. ನನಗೆ ಕೇಳಲು ಹೊಳೆದದ್ದು ಅದೊಂದೇ.

"ಅದs ಖೋಲ್ಯಾಗ. ಮತ್ತೆಲ್ಲೆ?"

ಅಣ್ಣನ ಒಲೆಯ ಮುಂದಲ್ಲ, ಅಷ್ಟಾದರೂ ಆಯಿತಲ್ಲ ಎಂದುಕೊಂಡೆ. ಒಡನೆಯೇ ವಿಪರೀತ ಸಿಟ್ಟು ಬಂತು. ಒಂದು ಕಾಗದ ಹಾಕಬಾರದಿತ್ತೇ ಯಾರಾದರೂ? ಆದರೆ ನಾನು ಎಷ್ಟು ಕಾಗದ ಹಾಕಿದ್ದೆ? ಒಂದು ಬಸ್ಸಿನ ದೂರದಲ್ಲಿದ್ದವಳು ಎಷ್ಟು ಸಲ ಹೋಗಿದ್ದೆ?

ಯಜಮಾನರು ತೀರಿದ ಮೇಲೆ ಬಾಗಲಕೋಟೆಯ ವಿದ್ಯಾಗಿರಿಯ ಈ ಮನೆಯಲ್ಲಿ ನಾನು ಮತ್ತೆ ಒಬ್ಬಳೇ. ಹೇಗೆ ತರಬೇಕು, ಎಷ್ಟು ತರಬೇಕು ಎಂಬುದು ಈಗಲೂ ಸರಿಯಾಗಿ ತಿಳಿಯುವುದಿಲ್ಲ. ಅದಕ್ಕಾಗಿ ಯಾರೂ ಬೈಯುವುದೂ ಇಲ್ಲ. ತಪ್ಪಾಯಿತು ಕಾಕು ಎಂಬ ಎರಡು ಮಾತನ್ನು ಹೇಳಲು ನನಗೆ ಐದಾರು ವರ್ಷ ಸಮಯವಿತ್ತು, ನಡುವೆ ಒಂದೇ ಗೋಡೆ ಇತ್ತು. ಆದರೂ ಹೇಳಲಿಲ್ಲ...