ಭಾವ ಮಾಡಿದ ಹುಳ

ನಮ್ಮ ಭಾವ ಉಸಿರು ಬಿಡಬೇಕಾದಾಗ ಮುಖವನ್ನು ಪಕ್ಕಕ್ಕೆ ತಿರುಗಿಸುತ್ತಿದ್ದರು. ಊಟದ ತಟ್ಟೆಯ ಮುಂದೆ ಕೂತಾಗಲೂ ಅಷ್ಟೇ. ಅನ್ನ ಕಲಸುವಾಗ ಉಸಿರು ಕಟ್ಟುವುದು, ಕತ್ತು ಹೊರಳಿಸಿ ಮೆಲ್ಲಗೆ ಬಿಡುವುದು, ಮತ್ತೆ ತಟ್ಟೆಯ ಕಡೆಗೆ ಬರುವುದು. ಅಕ್ಕನನ್ನು ನೋಡಲು ಬಂದ ದಿನ ಅಮ್ಮ ಇದನ್ನು ಕಂಡು, ಹುಡುಗನಿಗೆ ನಮ್ಮನೆ ಸಾರಿನ ವಾಸನೆ ಹಿಡಿಸಲಿಲ್ಲವೇನೋ ಎಂದು ಅಡುಗೆಮನೆಯಲ್ಲಿ ಪೇಚಾಡಿದ್ದಳು. ಕಾರಣ ಆಮೇಲೆ ತಿಳಿಯಿತು. ಅವರು ದಿನವಿಡೀ ಬಗ್ಗಿ ನೋಡುತ್ತಿದ್ದ ವಸ್ತು ಅಕ್ಕಿಕಾಳಿಗಿಂತ ಹಗುರವಾದದ್ದು. ಜೋರಾಗಿ ಉಸಿರು ಬಿಟ್ಟರೆ ಹಾರಿಹೋಗುತ್ತಿತ್ತು.

ಭಾವ ಮಗ್ಗೆ ಊರಿನವರು, ಬೇಸಾಯದ ಮನೆಯವರು. ಓದಿ ಬೆಂಗಳೂರಿನ ಒಂದು ಪ್ರಯೋಗಾಲಯದಲ್ಲಿ ಮೆತ್ತನೆಯ ಪುಟ್ಟ ರೋಬೋಟುಗಳನ್ನು ಮಾಡುವ ಕೆಲಸಕ್ಕೆ ಸೇರಿದ್ದರು. ರೋಬೋಟ್ ಎಂದರೆ ಕಬ್ಬಿಣದ ಮನುಷ್ಯ ಎಂದುಕೊಂಡಿದ್ದ ನನಗೆ ಅವರು ತೋರಿಸಿದ್ದು ರಬ್ಬರಿನಂಥ ಒಂದು ಹಳದಿ ಚೂರು. ಅದಕ್ಕೆ ವೈರಿಲ್ಲ, ಸೆಲ್ಲಿಲ್ಲ, ಮೋಟಾರಿಲ್ಲ. ಬೆಳಕು ಬಿದ್ದರೆ ಮುದುಡಿಕೊಳ್ಳುತ್ತದೆ, ಬೆಳಕು ತೆಗೆದರೆ ಚಾಚಿಕೊಳ್ಳುತ್ತದೆ. ಒಂದು ತುದಿ ಜಾರುವಂತೆಯೂ ಇನ್ನೊಂದು ನೆಲ ಹಿಡಿಯುವಂತೆಯೂ ಕತ್ತರಿಸಿ, ಬೆಳಕನ್ನು ಬಿಟ್ಟು ಬಿಟ್ಟು ಹಾಯಿಸಿದರೆ ಬೆನ್ನು ಗೂನು ಮಾಡಿಕೊಂಡು ಮುಂದಕ್ಕೆ ಹೋಗುತ್ತದೆ. "ಇದಕ್ಕೆ ಊಟಾನೂ ಬೆಳಕೇ, ಲಗಾಮೂ ಬೆಳಕೇ ಕಣೋ" ಎನ್ನುತ್ತಿದ್ದರು. ಮನೆಯಲ್ಲಿ ಎಲ್ಲರೂ ಅದನ್ನು ಭಾವನ ಹುಳ ಎಂದು ಕರೆದೆವು. ಅವರೂ ಹಾಗೇ ಕರೆಯತೊಡಗಿದರು.

ಇದರಿಂದ ಏನು ಪ್ರಯೋಜನ ಎಂದು ಅಮ್ಮ ಒಮ್ಮೆ ಬಡಿಸುತ್ತಾ ಕೇಳಿದಳು. ಮುಂದೊಂದು ದಿನ ಇಂಥವು ಮೈಯೊಳಗೆ ಹೋಗಿ, ಡಾಕ್ಟರ ಕತ್ತರಿ ತಲುಪದ ಜಾಗಕ್ಕೆ ಔಷಧಿ ಮುಟ್ಟಿಸಬಹುದು ಎಂದು ಭಾವ ವಿವರಿಸಿದರು. ನಾವು ಹೂಂಗುಟ್ಟಿ ಮರೆತೆವು. ಅಮ್ಮ ಮರೆಯಲಿಲ್ಲ.

ಎರಡು ವರ್ಷದ ಹಿಂದೆ ಭಾವನಿಗೆ ಹೊಟ್ಟೆಯ ಆಳದಲ್ಲಿ ಗಡ್ಡೆ ಇದೆಯೆಂದು ಗೊತ್ತಾಯಿತು. ಆಪರೇಷನ್ ಮಾಡುವ ಜಾಗವಲ್ಲ ಅದು ಎಂದರು ಡಾಕ್ಟರು. ನರಕ್ಕೆ ಔಷಧಿ ಏರಿಸಿಕೊಂಡು ಸೋತು ಹೋಗಿದ್ದವರನ್ನು ಅಕ್ಕ ಹೆಗ್ಗದ್ದೆಯ ನಮ್ಮ ತೋಟಕ್ಕೆ ಕರೆತಂದಳು. ಕಾಫಿ ಕುಯ್ಲಿನ ಕಾಲ. ಭಾವ ಕಾಫಿ ಒಣಗಿಸುವ ಕಣದ ಪಕ್ಕದಲ್ಲಿ ಕುರ್ಚಿ ಹಾಕಿಸಿಕೊಂಡು, ಬೆಂಗಳೂರಿನಿಂದ ತಂದಿದ್ದ ಹುಳವನ್ನು ಬಿಳಿ ತಟ್ಟೆಯ ಮೇಲೆ ಬಿಟ್ಟು ಕೂರುತ್ತಿದ್ದರು. ಇದ್ದದ್ದರಲ್ಲಿ ಚೆನ್ನಾಗಿ ನಡೆಯುತ್ತಿದ್ದದ್ದು ಅದೊಂದೇ. ಬಿಸಿಲಿಗೆ ಭೂತಗನ್ನಡಿ ಹಿಡಿದು, ನಡುನಡುವೆ ರಟ್ಟಿನ ಚೂರು ಅಡ್ಡ ತಂದು, ಅದನ್ನು ಅತ್ತಿತ್ತ ಓಡಾಡಿಸುವರು. ಬೇಗ ನಡೆಸಿ ತೋರಿಸಿ ಎಂದು ನಾನು ಪೀಡಿಸಿದರೆ, "ಅವಸರ ಮಾಡಿದ್ರೆ ಅದು ಮುನಿಸ್ಕತ್ತೈತೆ ಮಾರಾಯ" ಎನ್ನುವರು. ಕೆಲಸದ ಹೆಂಗಸರು ಬಂದು ನೋಡಿ ನಗುತ್ತಿದ್ದರು. ಅಮ್ಮ ಮಾತ್ರ ನಗುತ್ತಿರಲಿಲ್ಲ. ಅಳಿಯ ತಮ್ಮ ಔಷಧಿಯನ್ನು ತಾವೇ ತಯಾರು ಮಾಡಿಕೊಳ್ಳುತ್ತಿದ್ದಾರೆ ಎಂದು ಆಕೆ ತಿಳಿದಿದ್ದಳೆಂಬುದು ನಮಗ್ಯಾರಿಗೂ ಹೊಳೆಯಲಿಲ್ಲ.

ಒಂದು ಮಧ್ಯಾಹ್ನ ಭಾವ ಮಾತ್ರೆ ನುಂಗಲು ಒಳಗೆ ಹೋದರು. ಭೂತಗನ್ನಡಿಯನ್ನು ಒಂದು ಸ್ಟ್ಯಾಂಡಿಗೆ ಸಿಕ್ಕಿಸಿ ತಟ್ಟೆಯ ಮೇಲೆ ಹಾಗೇ ಬಿಟ್ಟಿದ್ದರು. ಗಾಳಿಗೆ, ತೋಟದ ನೆರಳಿಗೆ ನೆಟ್ಟ ಸಿಲ್ವರ್ ಮರದ ಎಲೆಗಳು ಅಲ್ಲಾಡುತ್ತಿದ್ದವು. ತಟ್ಟೆಯ ಮೇಲೆ ಬಿಸಿಲು ಬಂದು ಹೋಗಿ ಬಂದು ಹೋಗಿ ಮಾಡಿರಬೇಕು. ಹುಳ ತನ್ನಷ್ಟಕ್ಕೆ ಗೂನು ಹಾಕುತ್ತಾ ಅಂಚಿಗೆ ಬಂದು ಕಣದಲ್ಲಿ ಹರಡಿದ್ದ ಕಾಫಿಯ ಮೇಲೆ ಬಿತ್ತು. ಕಾಫಿ ಕೆದಕುತ್ತಾ ಬಂದ ಅಮ್ಮನ ಕಣ್ಣಿಗೆ ಹಳದಿ ಹುಳವೊಂದು ಮಿಡುಕಿದಂತೆ ಕಂಡಿತು. ಕಾಂಡ ಕೊರೆಯುವ ಬೋರರ್ ಹುಳಕ್ಕೆ ಗಿಡ ಕಿತ್ತು ಕಿತ್ತು ಸುಟ್ಟ ಮನೆ ನಮ್ಮದು. ತೋಟದವರು ಹುಳ ಕಂಡರೆ ಯೋಚನೆ ಮಾಡುವುದಿಲ್ಲ, ಕೈಯೇ ಮುಂದೆ ಹೋಗುತ್ತದೆ. ಅಮ್ಮ ಅದನ್ನು ಕಲ್ಲಿನ ಮೇಲಿಟ್ಟು ಹೆಬ್ಬೆರಳ ಉಗುರಿನಲ್ಲಿ ಹೊಸಕಿಬಿಟ್ಟಳು. ರಸ ಬರದಿದ್ದಾಗಲೇ ಆಕೆಗೆ ತಿಳಿದದ್ದು.

ಭಾವ ಹೊರಗೆ ಬಂದು ನೋಡಿ, ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕರೂ ನೋವಾಗುವ ಕಾಲ ಅದು. "ಅತ್ತೆ, ಹುಳ ನೋಡೇ ಬಾಳಾಟ ಮಾಡಿರೋರು ನೀವು. ನೀವೇ ಜೀವ ಐತೆ ಅಂದ್ಕಂಡ್ರಲ್ಲ, ನಂಗೆ ಇನ್ನೇನ್ ಬೇಕು" ಎಂದರು. ನಾವೂ ನಕ್ಕೆವು.

ಅಮ್ಮ ಮಾತ್ರ ಅಂದಿನಿಂದ ಅಳಿಯನ ಕೋಣೆಗೆ ಕಾಲಿಡಲಿಲ್ಲ. ಗಂಜಿಯನ್ನು ಅಕ್ಕನ ಕೈಯಲ್ಲಿ ಕಳಿಸುತ್ತಿದ್ದಳು. ಊಟ ಬಿಟ್ಟಳು, ಮಾತು ಬಿಟ್ಟಳು. ಅಕ್ಕ ಗದರಿಸಿ ಕೇಳಿದಾಗ, ನಿನ್ನ ಗಂಡನ ಔಷಧೀನ ನಾನೇ ಕೊಂದೆ ಎಂದು ಅತ್ತಳಂತೆ. ಅದು ಔಷಧಿಯಲ್ಲವೆಂದು ಅಕ್ಕ ಎಷ್ಟು ಹೇಳಿದರೂ ಕೇಳಲಿಲ್ಲ. ನಾನು ಹೇಳಿದರೆ, ಮಗ ಸಮಾಧಾನಕ್ಕೆ ಹೇಳುತ್ತಾನೆ ಎಂದಳು.

ವಿಷಯ ತಿಳಿದ ಭಾವ ಪೆಟ್ಟಿಗೆಯಲ್ಲಿ ಉಳಿದಿದ್ದ ಹಳದಿ ಹಾಳೆಯನ್ನು ತೆಗೆಸಿ, ಬ್ಲೇಡ್ ಹಿಡಿದು ಕೂತರು. ಕತ್ತರಿಸಿದ್ದೆಲ್ಲ ಹಾಳಾಗುತ್ತಿತ್ತು. ಬ್ಲೇಡ್ ಜಾರದಂತೆ ಅಕ್ಕ ಅವರ ಮಣಿಕಟ್ಟನ್ನು ಮೇಜಿಗೆ ಒತ್ತಿ ಹಿಡಿದುಕೊಳ್ಳುವಳು. ಸ್ವಲ್ಪ ಹೊತ್ತು ಮಾಡಿ ಮಲಗುವುದು, ಎದ್ದು ಮತ್ತೆ ಕೂರುವುದು. ಯಾಕಿಷ್ಟು ಒದ್ದಾಡುತ್ತೀರಿ ಎಂದು ನನಗೆ ಸಿಟ್ಟೇ ಬಂದಿತ್ತು. ಕೊನೆಗೊಂದು ಚೂರು ನೆಟ್ಟಗೆ ನಡೆಯಿತು.

ಅಮ್ಮನನ್ನು ಕರೆಸಿ, ಮಂಚದ ಮೇಲೆ ತಮ್ಮ ಪಕ್ಕದಲ್ಲೇ ಕೂರಿಸಿಕೊಂಡರು. ಬೆಳಕು ಚುಚ್ಚದಂತೆ ಕಣ್ಣಿಗೆ ಕಿತ್ತಳೆ ಬಣ್ಣದ ಕನ್ನಡಕ ಹಾಕಿ, ಪೆನ್ನಿನಂಥ ನೀಲಿ ದೀಪವನ್ನು ಕೈಗೆ ಕೊಟ್ಟು, ಒತ್ತಿ ಬಿಡಿ, ಒತ್ತಿ ಬಿಡಿ ಎಂದು ಹೇಳಿಕೊಟ್ಟರು. ಅಮ್ಮನ ಕೈಯಲ್ಲಿ ಹುಳ ತಟ್ಟೆಯ ಈ ಕೊನೆಯಿಂದ ಆ ಕೊನೆಗೆ ಹೋಯಿತು. ಆಕೆಯ ಮುಖ ಎಷ್ಟೋ ದಿನಕ್ಕೆ ಅರಳಿತು. ಆಗ ಭಾವ ಅದರ ಮೇಲೆ ದಪ್ಪನೆಯ ಸೌತೆಕಾಯಿ ಹೋಳೊಂದನ್ನು ಮುಚ್ಚಿ, ಈಗ ನಡೆಸಿ ಅತ್ತೆ ಎಂದರು. ಅಮ್ಮ ಬೆಳಕನ್ನು ಮೇಲಿಂದ ಬಿಟ್ಟಳು, ಪಕ್ಕದಿಂದ ಬಿಟ್ಟಳು. ಹೋಳೆತ್ತಿ ನೋಡಿದರೆ ಹುಳ ಇದ್ದಲ್ಲೇ ಇತ್ತು.

"ಸೌತೆಕಾಯೇ ದಾಟಲ್ಲ ಅತ್ತೆ, ಇನ್ನ ನನ್ ಹೊಟ್ಟೆ ದಾಟ್ತೈತಾ?" ಎಂದರು ಭಾವ. "ನಂಗೆ ನೋವಿರೋ ಜಾಗಕ್ಕೆ ಇದು ಹೋದ್ರೂ ಸುಮ್ನೆ ಬಿದ್ದಿರ್ತೈತೆ. ಅಲ್ಲಿಗೆ ಬೆಳಕು ಹೋಗಲ್ಲ."

ಅಮ್ಮ ದೀಪವನ್ನು ತಟ್ಟೆಯ ಪಕ್ಕಕ್ಕಿಟ್ಟು, "ನಾನು ಹೊಸಕ್ದೆ ಇದ್ದಿದ್ರೂ?" ಎಂದಳು.

"ಹೊಸಕ್ದೆ ಇದ್ದಿದ್ರೂ. ಇನ್ನ ಎಷ್ಟೋ ವರ್ಷಕ್ಕೆ, ಬೇರೆ ಯಾರಿಗೋ ಉಪಯೋಗ ಆಯ್ತೈತೆ. ನಂಗಿಲ್ಲ."

ಅಲ್ಲೇ ಕೂತಿದ್ದ ಅಕ್ಕ ಎದ್ದು ಹೊರಗೆ ಹೋದಳು. ರೋಗ ಬಂದಾಗಿನಿಂದ ನಮ್ಮ ಮನೆಯಲ್ಲಿ ಯಾರೂ ಆಡದೆ ಬಿಟ್ಟಿದ್ದ ಮಾತದು. ವಾಸಿಯಾಗುತ್ತದೆ, ನೋಡೋಣ, ಬೇರೆ ಡಾಕ್ಟರನ್ನು ಕೇಳೋಣ ಎಂದು ಎಲ್ಲರೂ ಎಲ್ಲರಿಗೂ ಹೇಳಿಕೊಂಡು ಬರುತ್ತಿದ್ದೆವು. ಅವರೂ ಹೂಂ ಎನ್ನುತ್ತಿದ್ದರು. ಅಮ್ಮನ ಎದೆಯ ಭಾರ ಇಳಿಸಬೇಕೆಂದರೆ ಅವರಿಗೆ ಬೇರೆ ದಾರಿ ಇರಲಿಲ್ಲ. ತಮಗೆ ಉಳಿವಿಲ್ಲ ಎಂಬುದನ್ನು ಹೆಂಡತಿಯ ಎದುರಿಗೇ ಬಾಯಿಬಿಟ್ಟು ಹೇಳಬೇಕಾಯಿತು. ಅಮ್ಮ ಸಂಜೆ ತಾನೇ ಗಂಜಿ ತಂದು ಅವರಿಗೆ ಕುಡಿಸಿದಳು. ಆಮೇಲಿನ ಗಂಜಿಯೆಲ್ಲ ಅವಳ ಕೈಯದೇ.

ಮಳೆ ಹಿಡಿಯುವ ಮೊದಲೇ ಭಾವ ತೀರಿಕೊಂಡರು. ಮಗ್ಗೆಯಲ್ಲಿ ಅವರ ಹೊಲದ ಬದುವಿನ ಹತ್ತಿರ ಸಮಾಧಿ ಮಾಡಿದೆವು. ಮಣ್ಣು ಮಾಡಿ ಬಂದವರು ಅಂಗಳದಲ್ಲಿ ಕೂತಿದ್ದಾಗ, ಭಾವನ ಸೋದರತ್ತೆ, ಎಲ್ಲಿಂದ ಕೇಳಿದ್ದರೋ, ಏನೋ ಹುಳ ಮಾಡಿದ್ದನಂತೆ, ಅದನ್ನು ಯಾರೋ ಸಾಯಿಸದಿದ್ದರೆ ಹುಡುಗ ಉಳೀತಿದ್ದನಂತೆ ಎಂದು ರಾಗ ತೆಗೆದರು. ಅಮ್ಮನ ಕೈ ಹಿಡಿದುಕೊಳ್ಳೋಣವೆಂದು ಎದ್ದೆ. ಅಷ್ಟರಲ್ಲಿ ಅಮ್ಮನೇ ಸೆರಗಿನಿಂದ ಮುಖ ಒರೆಸಿಕೊಂಡು ಹೇಳಿದಳು:

"ಸಾಯಿಸ್ದೋಳು ನಾನೇ ಕಣಮ್ಮ. ಆದ್ರೆ ಅದು ಉಳಿದಿದ್ರೂ ಅವ್ರು ಉಳೀತಿರ್ಲಿಲ್ಲ. ಅವ್ರೇ ನನ್ನ ಪಕ್ಕದಲ್ಲಿ ಕೂರಿಸ್ಕಂಡು ತೋರ್ಸವ್ರೆ."

ಅಮ್ಮ ಈಗಲೂ ಅಳಿಯನನ್ನು ನೆನೆದು ಅಳುತ್ತಾಳೆ, ಅತ್ತು ಮಲಗಿದರೆ ನಿದ್ದೆ ಬರುತ್ತದೆ. ಆ ನಿದ್ದೆ ಭಾವ ಕೊಟ್ಟುಹೋದದ್ದು.