ತೆಪ್ಪದ ತಳಕ್ಕೆ ಎರಡನೇ ಕೈ

ತುರುವೇಕೆರೆ ಕಡೆಯ ತೆಂಗಿನ ತೋಟಗಳ ನಡುವೆ, ಕೆರೆ ಏರಿಯ ಪಕ್ಕದಲ್ಲಿ ನಮ್ಮ ಕೇರಿ ಇದೆ. ನಾವೆಲ್ಲ ಮೀನು ಹಿಡಿದು ಬದುಕುವವರು. ಬೇಸಿಗೆಯಲ್ಲಿ, ಬಿದಿರಿಗೆ ಚೀಲ ಹೊದಿಸಿ ಹೊಲಿದ ದುಂಡು ತೆಪ್ಪಗಳನ್ನು ಏರಿಯ ಮೇಲೆ ಬೋರಲು ಹಾಕಿ ತಳಕ್ಕೆ ಡಾಂಬರು ಬಳಿಯುತ್ತೇವೆ. ಒಂದು ಕೈ ಬಳಿದು, ಅದು ಒಣಗಿದ ಮೇಲೆ ಇನ್ನೊಂದು ಕೈ. ಎರಡನೆಯದು ಬೀಳದಿದ್ದರೆ ಚೀಲದ ಹೊಲಿಗೆಯಲ್ಲಿ ನೀರು ಜಿನುಗುತ್ತದೆ.

ನನ್ನ ತಂಗಿ ಚಿತ್ರ ಬರೆಯುತ್ತಾಳೆ. ನಾನು ಐದನೇ ಕ್ಲಾಸಿಗೇ ಸ್ಕೂಲು ಬಿಟ್ಟವನು. ಆ ವರ್ಷ ಅವಳು ಕಪ್ಪು ತಳದ ಮೇಲೆ ಬಿಳಿ ಬಣ್ಣದಲ್ಲಿ ಮೀನು ಬರೆಯಲು ಶುರು ಮಾಡಿದಳು.

"ತಳಕ್ಕೆ ಬರುದ್ರೆ ಯಾರ್ ನೋಡ್ತಾರವ್ವ?" ಎಂದು ಪಕ್ಕದ ಮನೆಯ ಮಾವ ರೇಗಿಸಿದ.

"ಮೀನು ನೋಡ್ತವೆ ಬುಡು ಮಾವ. ನೆಂಟ್ರು ಬಂದವ್ರೆ ಅಂತ ಹತ್ರ ಬತ್ತವೆ."

ನಗುತ್ತಲೇ ಎಲ್ಲರೂ ತಮ್ಮ ತೆಪ್ಪಕ್ಕೂ ಬರೆಸಿಕೊಂಡರು. ನಮ್ಮದು ಕೊನೆಗೆ ಬಂತು.

"ಎರಡ್ನೇ ಕೈ ಹಾಕ್ದೇನಣ್ಣ?"

"ಹಾಕಿವ್ನಿ, ಬರ್ಕೊ" ಎಂದೆ.

ಹಾಕಿರಲಿಲ್ಲ. ಬಿಸಿಲಿಗೆ ಬೇಸತ್ತು ಹಾಗೇ ಬಿಟ್ಟಿದ್ದೆ. ಸಂಜೆ ಬಂದು ನೋಡಿದರೆ ತಳದ ತುಂಬ ದೊಡ್ಡ ಕಾಟ್ಲಾ ಮೀನು. ಅದರ ಮೇಲೆ ಡಾಂಬರು ಸುರಿಯಲು ಮನಸ್ಸಾಗಲಿಲ್ಲ. ನಿಜ ಹೇಳಲು ಬಾಯಿಯೂ ಬರಲಿಲ್ಲ.

ಕೆರೆ ತುಂಬಿದಾಗ ಮುಳುಗಿದ ತೋಟವೊಂದರ ತೆಂಗಿನ ಮರಗಳು, ಸುಳಿ ಕೊಳೆತು ಬಿದ್ದ ಮೇಲೂ, ನೀರಿನಲ್ಲೇ ನಿಂತಿವೆ. ಆ ಬೋಳು ಮರಗಳಿಗೆ ಹಳೆಯ ಬಲೆ ಸುತ್ತಿ, ತೆಂಗಿನ ಚಿಪ್ಪಿನ ಮೀನುಗಳನ್ನು ತೂಗುಹಾಕಬೇಕೆಂದು ತಂಗಿ ಹೇಳುತ್ತಿದ್ದಳು. ಮಳೆಗಾಲದ ಒಂದು ಬೆಳಿಗ್ಗೆ ನಾನು ಏರಿಗೆ ಬರುವಷ್ಟರಲ್ಲಿ, ಅದುವರೆಗೆ ನೀರಿಗೆ ಇಳಿಸದೆ ಇಟ್ಟಿದ್ದ ನಮ್ಮ ತೆಪ್ಪದಲ್ಲಿ ಒಬ್ಬಳೇ ಹೊರಟುಹೋಗಿದ್ದಳು. ಅವಳಿಗೆ ಈಜು ಬರುವುದಿಲ್ಲ. ನಮ್ಮಲ್ಲಿ ಹೆಣ್ಣುಮಕ್ಕಳಿಗೆ ಯಾರೂ ಕಲಿಸುವುದಿಲ್ಲ.

ತೆಪ್ಪದ ಅಂಚು ನೀರಿಗೆ ಹತ್ತಿರವಾಗುತ್ತಿರುವುದು ನನಗೆ ಕಾಣುತ್ತಿತ್ತು. ಕೂಗಿದರೆ ಪಕ್ಕದಲ್ಲಿದ್ದವರು ತೆಪ್ಪ ಯಾಕೆ ಸೋರುತ್ತಿದೆ ಎಂದು ಕೇಳುತ್ತಾರೆ. ಬಾಯಿ ಒಣಗಿಸಿಕೊಂಡು ಸುಮ್ಮನೆ ನಿಂತೆ. ಅವಳು ಚಿಪ್ಪಿನಿಂದ ನೀರು ಎತ್ತಿ ಹೊರಗೆ ಚೆಲ್ಲುತ್ತಿದ್ದಳು. ಆಗಲೂ ನಿಂತೇ ಇದ್ದೆ.

"ಲೇ, ನಿನ್ ತಂಗಿ ತೆಪ್ಪ ಮುಳುಗ್ತೈತೆ ಕಣ್ಲಾ" ಎಂದವನು ಮಾವ.

ಅವನ ತೆಪ್ಪ ತಳ್ಳಿಕೊಂಡು ಇಬ್ಬರೂ ಹೋದೆವು. ಅವಳು ಒಂದು ಬೋಳು ಮರವನ್ನು ತಬ್ಬಿಕೊಂಡಿದ್ದಳು. ನೀರಲ್ಲಿ ಕೊಳೆತ ಮರ. ಗಾಳಿ ಬೀಸಿದಾಗಲೆಲ್ಲ ಅದು ಅಲುಗುತ್ತಿತ್ತು. ಹುಟ್ಟು ಹಾಕುತ್ತಿದ್ದ ನನಗೆ ಆ ಮರ ಬಿಟ್ಟು ಬೇರೇನೂ ಕಾಣಲಿಲ್ಲ.

ದಡ ಸೇರಿ ನಡುಗುತ್ತಲೇ ಅವಳು, "ಬಣ್ಣಕ್ಕಾಕಿದ್ ಥಿನ್ನರ್ ಡಾಂಬರ್ನ ತಿಂದ್ಬುಡ್ತು ಅನ್ಸುತ್ತೆ. ನಂದೇ ತಪ್ಪು" ಎಂದಳು. ಎಲ್ಲರೂ ನಂಬಿದರು. ಎಲ್ಲರ ಮುಂದೆ ನಾನೂ ತಲೆಯಾಡಿಸಿದೆ. ಆ ವಾರವೇ ಅವರವರು ತಮ್ಮ ಮೀನುಗಳ ಮೇಲೆ ಡಾಂಬರು ಬಳಿದರು. ಮತ್ತೆ ಯಾರೂ ಅವಳಿಗೆ ತೆಪ್ಪ ಮುಟ್ಟಲು ಬಿಡಲಿಲ್ಲ.

ಈ ಬೇಸಿಗೆ, ಡಾಂಬರು ಕಾಯಿಸುತ್ತಿದ್ದಾಗ ಅವಳು ಬಂದು ಪಕ್ಕದಲ್ಲಿ ಕೂತಳು. ಎರಡನೇ ಕೈ ಹಾಕಿರಲೇ ಇಲ್ಲ ಎಂದು ಆಗ ಹೇಳಿಬಿಟ್ಟೆ. ಅವಳು ನನ್ನನ್ನು ನೋಡಲಿಲ್ಲ. ಒಲೆಗೆ ತೆಂಗಿನ ಮಟ್ಟೆ ಮುರಿದು ಹಾಕಿದಳು.

"ನಂಗೊಬ್ಳಿಗೆ ಹೇಳುದ್ರೆ ಏನಾಯ್ತಣ್ಣ? ಅವ್ರಿಗೂ ಹೇಳು."

ಏರಿಯ ಆ ತುದಿಯಲ್ಲಿ ಮಾವ ಮತ್ತೆ ಉಳಿದವರು ಏನೋ ಹೇಳಿಕೊಂಡು ನಗುತ್ತಿದ್ದರು. ಅವಳು ಕೆರೆಗೆ ಹೋದ ದಿನದ ಹಾಗೆಯೇ ನನ್ನ ಬಾಯಿ ಒಣಗಿತ್ತು. ಡಾಂಬರಿನ ಕೈಯನ್ನು ಲುಂಗಿಗೆ ಒರೆಸಿಕೊಂಡು ಅವರ ಕಡೆ ನಡೆದೆ.