ಎಲ್ಲ ವೈರೂ ಕಪ್ಪು

ಗಾಜಿನಂಗಡಿಯವನು ಬುಧವಾರ ಮಧ್ಯಾಹ್ನ ತೀರಿಕೊಂಡ. ಅರವತ್ತೇಳು ವರ್ಷ. ಹೃದಯಾಘಾತ ಎಂದು ಡಾಕ್ಟರು ಬರೆದುಕೊಟ್ಟರು.

ಒಂದು ಕಡೆ ಕೂತ ಮನುಷ್ಯನಲ್ಲ ಅವನು. ಊಟಕ್ಕೆ ಕೂತಾಗಲೂ ಕಣ್ಣು ಬಾಗಿಲ ಕಡೆಗೇ. "ನಿಮಗೆ ಬಡಿಸೋದೂ ಒಂದೇ, ಬಸ್ಸು ಹಿಡಿಯೋಕೆ ಓಡ್ತಿರೋರಿಗೆ ಬಡಿಸೋದೂ ಒಂದೇ" ಎಂದು ಹೆಂಡತಿ ಮದುವೆಯಾದಾಗಿನಿಂದ ಹೇಳುತ್ತಿದ್ದಳು. ಅವಳ ಮಾತು ಮುಗಿಯುವಷ್ಟರಲ್ಲಿ ಅವನು ಕೈತೊಳೆದು ಅಂಗಳದಲ್ಲಿರುತ್ತಿದ್ದ. ಅಂಗಳದಲ್ಲಿ ಗಾಡಿ ಇತ್ತು.

ಗಾಡಿ ಎಂದರೆ ಪಿಕಪ್. ಇಪ್ಪತ್ತೆರಡು ವರ್ಷ ಹಳೆಯದು. ಕಿಟಕಿಗೆ ಗಾಜು ಕೂರಿಸುವುದು, ಕನ್ನಡಿ ಅಳತೆಗೆ ಕತ್ತರಿಸಿ ಗೋಡೆಗೆ ಹಾಕಿಕೊಡುವುದು ಅವನ ಕೆಲಸವಾದ್ದರಿಂದ, ಗಾಜು ಓರೆಯಾಗಿ ನಿಲ್ಲಿಸಲು ಹಿಂದೆ ಮರದ ಚೌಕಟ್ಟೊಂದನ್ನು ಕಟ್ಟಿಸಿದ್ದ. ಹನ್ನೊಂದು ವರ್ಷದ ಹಿಂದಿನವರೆಗೆ ಆ ಗಾಡಿಯಲ್ಲಿ ಕಾರ್ಖಾನೆಯಿಂದ ಬಂದ ದೀಪಗಳನ್ನು ಬಿಟ್ಟರೆ ಬೇರೆ ದೀಪವಿರಲಿಲ್ಲ.

ಆ ವರ್ಷ ಒಂದು ಸಂಜೆ ಕ್ಷೌರದಂಗಡಿಯೊಂದಕ್ಕೆ ದೊಡ್ಡ ಕನ್ನಡಿ ಒಯ್ಯಬೇಕಿತ್ತು. ಚೌಕಟ್ಟಿನಲ್ಲಿ ಹಿಡಿಸಲಿಲ್ಲ. ಅಡ್ಡಲಾಗಿ, ಮುಖ ಹಿಂದಕ್ಕೆ ಮಾಡಿ ಕಟ್ಟಿದ. ಮೇಲೆ ಕಂಬಳಿ ಹೊದಿಸಬೇಕು ಎಂಬುದು ಈ ಕಸುಬಿನಲ್ಲಿ ಎಲ್ಲರಿಗೂ ಗೊತ್ತು. ಎರಡೇ ತಿರುವಿನ ದಾರಿಯಲ್ಲವೇ ಎಂದು ಹಾಗೇ ಹೊರಟ. ಮಬ್ಬುಗತ್ತಲಲ್ಲಿ ಹಿಂದಿನಿಂದ ಬರುತ್ತಿದ್ದ ಬೈಕಿನವನಿಗೆ ತನ್ನದೇ ದೀಪ ಎದುರಿನಿಂದ ಬಂದ ಹಾಗೆ ಕಂಡಿತು. ತಪ್ಪಿಸಿಕೊಳ್ಳಲು ಹೋಗಿ ಚರಂಡಿಗೆ ಬಿದ್ದು ಭುಜದ ಮೂಳೆ ಮುರಿದುಕೊಂಡ.

ಆಸ್ಪತ್ರೆಯ ಮಂಚದ ಮೇಲೆ ಬೈಕಿನವನು ಹೇಳಿದ್ದು ಇಷ್ಟು: "ನಾನು ಪಕ್ಕಕ್ಕೆ ಹೋದೆ ಅಣ್ಣ, ಅವನೂ ಅದೇ ಪಕ್ಕಕ್ಕೆ ಬಂದ. ಎಂಥಾ ಹಟಮಾರಿ ಅಂತೀರಿ." ನರ್ಸು ನಕ್ಕಳು, ಅವನೂ ಭುಜ ಹಿಡಿದುಕೊಂಡು ನಕ್ಕ. ಗಾಜಿನಂಗಡಿಯವನಿಗೆ ನಗು ಬರಲಿಲ್ಲ. ಮರುದಿನ ಎರಡು ಕೆಂಪು ದೀಪ ತಂದು ಚೌಕಟ್ಟಿನ ಎರಡು ತುದಿಗೆ ತಾನೇ ಕೂರಿಸಿದ. ಬ್ರೇಕ್ ಒತ್ತಿದರೆ ಅವು ಇನ್ನಷ್ಟು ಜೋರಾಗಿ ಉರಿಯುವ ಹಾಗೆ ವೈರು ಎಳೆದ.

ಅಲ್ಲಿಗೆ ನಿಲ್ಲಬಹುದಿತ್ತು. ಅವನ ಕೈ ನಿಲ್ಲಲಿಲ್ಲ. ಪಕ್ಕಕ್ಕೆ ಹಳದಿ ದೀಪ ಬಂತು, ಹಿಂದೆ ಹೋಗುವಾಗ ಕೂಗುವ ಬಜರ್ ಬಂತು, ಮಂಜಿಗೆ ಬೇರೆ ದೀಪ, ಹಿಂಬದಿಗೆ ಕ್ಯಾಮೆರಾ, ಅದನ್ನು ನೋಡಲು ಅಂಗೈಯಗಲದ ಪರದೆ. ಡ್ರಿಲ್ ಓಡಿಸಲು ಎರಡನೇ ಬ್ಯಾಟರಿ. ಸೆಖೆಗೆ ಫ್ಯಾನು. ಹೆಂಡತಿ ಹತ್ತುವಾಗ ಎಡವದಿರಲೆಂದು ಮೆಟ್ಟಿಲ ಕೆಳಗೊಂದು ದೀಪ, ಅದನ್ನು ಅವಳು ಒಮ್ಮೆಯೂ ಹಾಕಿರಲಿಲ್ಲ. ಡ್ಯಾಶ್‌ಬೋರ್ಡಿನಲ್ಲಿ ಹದಿನಾಲ್ಕು ಸ್ವಿಚ್ಚು. "ಇದನ್ನ ಓಡಿಸೋಕೆ ಹೋಗ್ತೀಯೋ, ಹಾರಿಸೋಕೆ ಹೋಗ್ತೀಯೋ?" ಎಂದು ಪಕ್ಕದ ಅಂಗಡಿಯ ಬೈಂಡರ್ ಕೇಳುತ್ತಿದ್ದ. ಹರಿದ ಪುಸ್ತಕಗಳಿಗೆ ರಟ್ಟು ಕಟ್ಟುವ ಆ ಬೈಂಡರ್, ಗಾಜಿನಂಗಡಿಯವನ ಮೂವತ್ತು ವರ್ಷದ ಗೆಳೆಯ.

ಇಷ್ಟಕ್ಕೂ ಬಳಸಿದ ವೈರು ಒಂದೇ. ಬಾಗಿಲು ಹಾಕುತ್ತಿದ್ದ ಅಂಗಡಿಯೊಂದರಿಂದ ಕಪ್ಪು ವೈರಿನ ದೊಡ್ಡ ಸುರುಳಿ ತಂದಿದ್ದ, ಅದು ಮುಗಿಯುವ ಲಕ್ಷಣವೇ ಇರಲಿಲ್ಲ.

"ಒಂದು ಕೆಂಪು ಸುರುಳಿನಾದ್ರೂ ತಗೊಳ್ಳೋ" ಎಂದ ಬೈಂಡರ್.

"ಬಣ್ಣ ನೋಡಿ ಕೆಲಸ ಮಾಡೋಕೆ ನಾನೇನು ಪೇಂಟರಾ? ಯಾವುದು ಎಲ್ಲಿಗೆ ಹೋಗುತ್ತೆ ಅನ್ನೋದು ಇಲ್ಲಿದೆ" ಎಂದು ಹಣೆ ಮುಟ್ಟಿಕೊಂಡ.

ಈ ವರ್ಷ ಎದೆನೋವು ಬಂತು. ಆರು ದಿನ ಆಸ್ಪತ್ರೆ. ಇನ್ನು ಗಾಡಿ ಓಡಿಸಕೂಡದು, ಭಾರ ಎತ್ತಕೂಡದು ಎಂದು ಡಾಕ್ಟರು ಕಟ್ಟಪ್ಪಣೆ ಮಾಡಿದರು. ಎಂಟು ವರ್ಷದಿಂದ ಅಂಗಡಿಯಲ್ಲಿ ಗಾಜು ಕತ್ತರಿಸುತ್ತಿದ್ದವಳು ಮಗಳು. ಒಂದನೇ ತಾರೀಖಿನಿಂದ ಗಾಡಿಯನ್ನೂ ತಾನೇ ನೋಡಿಕೊಳ್ಳುತ್ತೇನೆ ಎಂದಳು. ಒಂದು ಬೆಳಿಗ್ಗೆ ಸುಮ್ಮನೆ ಒಂದು ಸುತ್ತು ಹಾಕಿಕೊಂಡು ಬಂದು ಕೀಲಿಯನ್ನು ಅಪ್ಪನ ಮುಂದಿಟ್ಟಳು.

"ಎಡಕ್ಕೆ ತಿರುಗೋ ಸಿಗ್ನಲ್ ಹಾಕಿದ್ರೆ ಫ್ಯಾನು ನಿಲ್ಲುತ್ತೆ. ಬ್ರೇಕ್ ಒತ್ತಿದ್ರೆ ಹಿಂದಿನ ಕೆಂಪು ದೀಪ ಆರಿಹೋಗುತ್ತೆ, ಅಂಗಡಿ ಗಾಜಲ್ಲಿ ನಾನೇ ನೋಡ್ದೆ. ಇದಕ್ಕೆ ಲೈಸೆನ್ಸ್ ಸಾಲಲ್ಲ ಅಪ್ಪ, ನಿನ್ನ ತಲೆ ಬೇಕು. ಸರಿಯಾಗದಿದ್ರೆ ಗುಜರಿಗೆ ಕೊಟ್ಟುಬಿಡೋಣ. ನಾನು ಬಾಡಿಗೆ ಗಾಡಿ ಹಿಡೀತೀನಿ."

ಫ್ಯಾನು, ಗುಜರಿ ಯಾವುದೂ ಅವನ ಕಿವಿಗೆ ಬೀಳಲಿಲ್ಲ. ಕೆಂಪು ದೀಪ ಆರುತ್ತದೆ ಎಂದದ್ದೊಂದೇ ಕೇಳಿಸಿತು. ಮಗಳು ಕನ್ನಡಿ ಹೇರಿಕೊಂಡು ಬ್ರೇಕ್ ಒತ್ತುತ್ತಾಳೆ, ಹಿಂದೆ ಯಾರೋ ಬರುತ್ತಿರುತ್ತಾರೆ. ಒಂದನೇ ತಾರೀಖಿಗೆ ಹನ್ನೊಂದು ದಿನವಿತ್ತು.

ಮರುದಿನ ಬೆಳಿಗ್ಗೆ ಡ್ಯಾಶ್‌ಬೋರ್ಡಿನ ತಳ ಬಿಚ್ಚಿ, ಸೀಟಿನ ಮೇಲೆ ಅಂಗಾತ ಮಲಗಿ ತಲೆಯನ್ನು ಒಳಗೆ ತೂರಿಸಿದ. ಕಪ್ಪು ವೈರುಗಳ ಕಂತೆ ಮುಖದ ಮೇಲೆ ಜೋತುಬಿತ್ತು. ಒಂದನ್ನು ಬೆರಳಲ್ಲಿ ಹಿಡಿದ. ಇದು ಯಾವುದು? ಹೊಳೆಯಲಿಲ್ಲ. ಪಕ್ಕದ್ದು ಹಿಡಿದ. ಅದೂ ಹೊಳೆಯಲಿಲ್ಲ. ಮೊದಲನೆಯದಕ್ಕೆ ವಾಪಸು ಬಂದರೆ ಅದು ಯಾವುದಾಗಿತ್ತು ಎಂಬುದೂ ಗೊತ್ತಾಗಲಿಲ್ಲ. ಎದ್ದು ಬೈಂಡರನ ಅಂಗಡಿಗೆ ಹೋದ.

"ಪುಸ್ತಕದ ಬೆನ್ನಿಗೆ ಅಂಟಿಸ್ತೀಯಲ್ಲ, ಆ ಬಟ್ಟೆ ಪಟ್ಟಿ ಇದೆಯಾ?"

"ಇದೆ. ಯಾಕೋ?"

"ಮರೆತುಹೋಗಿದೆ."

"ಏನು?"

"ಎಲ್ಲಾ." ಸ್ಟೂಲಿನ ಮೇಲೆ ಕೂತ, ಎದ್ದ, ಮತ್ತೆ ಕೂತ. "ಅವಳಿಗೆ ಹೇಳಬೇಡ."

ಮಗಳಿಗೆ ಹೇಳಬೇಕಾಗಿಯೇ ಇರಲಿಲ್ಲ. ಅವಳೇ ಬಂದು ಸ್ವಿಚ್ಚುಗಳ ಮುಂದೆ ಕೂತಳು. ಬೈಂಡರ್ ಟೆಸ್ಟ್ ಲ್ಯಾಂಪ್ ಹಿಡಿದು ಗಾಡಿಯ ಹಿಂದೆ ನಿಂತ. ಕರೆಂಟು ಬಂದರೆ ಹೊತ್ತಿಕೊಳ್ಳುವ ಸಣ್ಣ ಬಲ್ಬು ಅದು. ಅಪ್ಪ ಒಳಗಿಂದ ವೈರು ಎಳೆದು ಕೂಗುವುದು, ಮಗಳು ಸ್ವಿಚ್ಚು ಹಾಕುವುದು, ಬೈಂಡರ್ "ಬಂತು", "ಇಲ್ಲ" ಎನ್ನುವುದು. ಗೊತ್ತಾದ ವೈರಿಗೆಲ್ಲ ಬಟ್ಟೆ ಪಟ್ಟಿ ಸುತ್ತಿ, ಬೈಂಡರನ ದುಂಡು ಅಕ್ಷರದಲ್ಲಿ ಹೆಸರು. ನಾಲ್ಕು ದಿನ ಹಿಡಿಯಿತು. ನಡುನಡುವೆ ಹೆಂಡತಿ ಬಂದು ಮಾತ್ರೆ ನುಂಗಿಸಿ ಹೋಗುತ್ತಿದ್ದಳು.

ಐದನೇ ದಿನ ಡ್ರೈವರ್ ಸೀಟು ಎತ್ತಿದಾಗ ರೋಗ ಸಿಕ್ಕಿತು. ಯಾವ ದೀಪವೇ ಆಗಲಿ, ಅದಕ್ಕೆ ಹೋದ ಕರೆಂಟು ಗಾಡಿಯ ಕಬ್ಬಿಣದ ಮೈ ಮೂಲಕ ಬ್ಯಾಟರಿಗೆ ವಾಪಸಾಗಬೇಕು. ಅದಕ್ಕೆ ಒಂದು ವೈರನ್ನು ಮೈಗೆ ಬಿಗಿಯಬೇಕು. ಅವನು ತಾನು ಕೂರಿಸಿದ್ದಕ್ಕೆಲ್ಲ ಸೀಟಿನಡಿಯ ಒಂದೇ ಬೋಲ್ಟನ್ನು ಬಳಸಿದ್ದ. ಹೊಸದು ಹಾಕಿದಾಗೆಲ್ಲ ವೈರಿನ ತುದಿಯ ಇನ್ನೊಂದು ಉಂಗುರ ಹಿಡಿಯುತ್ತದೆ ಎಂದು ಅದಕ್ಕೇ ತೂರಿಸಿ ಬಿಗಿದಿದ್ದ. ಎಲ್ಲಕ್ಕಿಂತ ಮೊದಲು ಹಾಕಿದ ಕೆಂಪು ದೀಪದ ಉಂಗುರ ಎಲ್ಲಕ್ಕಿಂತ ಕೆಳಗಿತ್ತು. ಸ್ಪ್ಯಾನರ್ ಹಾಕಿದರೆ ತುಕ್ಕಿನ ಪುಡಿಯಾಗಿ ಉದುರಿತು. ವಾಪಸಾಗಲು ದಾರಿಯಿಲ್ಲದೆ ಒಂದರ ಕರೆಂಟು ಇನ್ನೊಂದರೊಳಗೆ ನುಗ್ಗುತ್ತಿತ್ತು.

ಅವನು ಆ ಪುಡಿಯನ್ನು ಅಂಗೈಗೆ ಹಾಕಿಕೊಂಡ. "ಹೋಗೋ ದಾರಿ ನೋಡ್ದೆ, ಬರೋ ದಾರಿ ನೋಡಲಿಲ್ಲ" ಎಂದ.

"ಕಿತ್ತುಹಾಕು ಅಪ್ಪ" ಎಂದಳು ಮಗಳು. "ಕೆಂಪು ದೀಪ ಬಿಟ್ಟು ಎಲ್ಲಾ."

"ಕ್ಯಾಮೆರಾ?"

"ನನ್ನ ಕುತ್ತಿಗೆ ಇನ್ನೂ ತಿರುಗುತ್ತೆ."

"ಫ್ಯಾನು?"

"ಕಿಟಕಿ ಇದೆ."

"ಮೆಟ್ಟಿಲ ದೀಪ ಇರಲಿ. ನಿಮ್ಮಮ್ಮನಿಗೋಸ್ಕರ ಹಾಕಿದ್ದು."

ಬಾಗಿಲಲ್ಲಿ ನಿಂತಿದ್ದ ಹೆಂಡತಿ, "ನನ್ನ ಹೆಸರು ಹೇಳ್ಕೊಂಡು ಏನನ್ನೂ ಉಳಿಸ್ಕೋಬೇಡಿ" ಎಂದಳು.

ಅವನು ಮೂರು ದಿನ ಒಪ್ಪಲಿಲ್ಲ. ಅಂಗಳಕ್ಕೆ ಹೋಗುವುದು, ಒಂದು ಸ್ವಿಚ್ಚು ಹಾಕಿ ಆರಿಸುವುದು, ಒಳಗೆ ಬರುವುದು. ನಾಲ್ಕನೇ ದಿನ ಬೆಳಿಗ್ಗೆ ಕಟಿಂಗ್ ಪ್ಲೇಯರ್ ಹಿಡಿದು ಕೂತವನು ಮಧ್ಯಾಹ್ನದ ಹೊತ್ತಿಗೆ ಹನ್ನೊಂದು ವರ್ಷದ್ದನ್ನೆಲ್ಲ ಬಿಚ್ಚಿ ಒಂದು ರಟ್ಟಿನ ಡಬ್ಬಿಗೆ ತುಂಬಿದ್ದ. ಮಗಳ ಜೊತೆ ಚೌಕಾಸಿ ಮಾಡಿ ಕ್ಯಾಮೆರಾ ಮಾತ್ರ ಉಳಿಸಿಕೊಂಡ. ಕೆಂಪು ದೀಪಗಳಿಗೆ ಹೊಸ ವೈರು ಎಳೆದು, ಪ್ರತ್ಯೇಕ ಫ್ಯೂಸು ಹಾಕಿದ. ಗಾಡಿಯ ಮೈಯ ಬಣ್ಣ ಕೆರೆದು, ಹೊಳೆಯುವ ಕಬ್ಬಿಣಕ್ಕೆ ಆ ದೀಪಗಳ ಎರಡೇ ಉಂಗುರ ಬಿಗಿದ. ಹೊಸ ವೈರು ಕೆಂಪಗಿತ್ತು. ಬೈಂಡರ್ ನೋಡಿದ, ಅದಕ್ಕೂ ಒಂದು ಬಟ್ಟೆ ಪಟ್ಟಿ ಸುತ್ತಿ ಹೆಸರು ಬರೆದ.

ಆ ಬುಧವಾರವೇ ಒಂದನೇ ತಾರೀಖು. ಮೊದಲ ಸರಕೇ ಆಳೆತ್ತರದ ಕನ್ನಡಿ. ಮಗಳು ಎರಡು ಕಂಬಳಿ ಸುತ್ತಿ ಕಟ್ಟಿದಳು. ಅವನು ಗಾಡಿಯ ಹಿಂದೆ ನಿಂತ.

"ಬ್ರೇಕ್ ಒತ್ತು."

"ಒತ್ತಿದೀನಿ."

"ಬಿಡು. ಸಿಗ್ನಲ್ ಹಾಕಿ ಒತ್ತು."

"ಅಪ್ಪ, ನೀನು ಹೀಗೇ ಒತ್ತಿಸ್ತಿದ್ರೆ ಬ್ರೇಕ್ ಇಲ್ಲೇ ಸವೆದುಹೋಗುತ್ತೆ."

ಅವಳು ಹೊರಟಳು. ಬೀದಿಯ ಕೊನೆಯಲ್ಲಿ ಗಾಡಿ ನಿಧಾನವಾಯಿತು. ಎರಡೂ ಕೆಂಪು ದೀಪ ಜೋರಾಗಿ ಹೊತ್ತಿಕೊಂಡವು, ಗಾಡಿ ಎಡಕ್ಕೆ ತಿರುಗಿತು.

ಆಮೇಲೆ ಅವನು ಅಂಗಡಿಗೂ ಮನೆಗೂ ಎಷ್ಟು ಸಲ ಓಡಾಡಿದ ಎಂದು ಹೆಂಡತಿ ಲೆಕ್ಕ ಇಡಲಿಲ್ಲ. ಗಾಜಿನ ಚೂರು ಗುಡಿಸಿದ. ಗುಡಿಸಿದ್ದನ್ನೇ ಗುಡಿಸಿದ. ಎರಡು ಸಲ ಫೋನ್ ಕೈಗೆತ್ತಿಕೊಂಡ. "ಓಡಿಸ್ತಿರ್ತಾಳೆ, ಮಾಡಬೇಡಿ" ಎಂದು ಹೆಂಡತಿ ಗದರಿದಳು. ಹನ್ನೆರಡೂವರೆಗೆ ಮಗಳ ಸಂದೇಶ ಬಂತು: ಕನ್ನಡಿ ಹಾಕಿ ಆಯ್ತು, ಬರ್ತಿದೀನಿ. ಅದನ್ನು ಹೆಂಡತಿಗೆ ಓದಿ ಹೇಳಿದ. ಅವಳು ಕೇಳಿಸಿಕೊಂಡಳೋ ಇಲ್ಲವೋ ಎಂದು ಮತ್ತೊಮ್ಮೆ ಓದಿದ.

ಊಟಕ್ಕೆ ಕರೆದರೆ "ಬಂದೆ" ಎಂದು ಹೊರಗೆ ಹೋದ. ಹೆಂಡತಿ ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದಳು. ಗೇಟಿನ ಒಂದು ಬಾಗಿಲು ತೆಗೆದೇ ಇತ್ತು. ಇನ್ನೊಂದರ ಚಿಲಕ ಬಿಗಿದುಕೊಂಡು ಎಷ್ಟೋ ಕಾಲವಾಗಿತ್ತು. ಅರ್ಧ ಗೇಟಿನಲ್ಲಿ ಗಾಡಿ ನುಗ್ಗಿಸುವುದು ಅವನಿಗೆ ರೂಢಿ, ಮಗಳಿಗಿಲ್ಲ. ಸುತ್ತಿಗೆಯಿಂದ ಮೆಲ್ಲಗೆ ಬಡಿದು ಬಡಿದು ಚಿಲಕ ಬಿಡಿಸಿ, ಆ ಬಾಗಿಲನ್ನೂ ಪೂರ್ತಿ ತೆರೆದ. ಗಾಳಿಗೆ ಅದು ತಿರುಗಿ ಬಂತು. ಗೋಡೆಯ ಪಕ್ಕದಿಂದ ಇಟ್ಟಿಗೆಯೊಂದನ್ನು ತಂದು ಅಡಿಗೆ ಇಟ್ಟ. ಅಲುಗಾಡಿಸಿ ನೋಡಿದ, ಇಟ್ಟಿಗೆ ಸರಿಯಿತು. ಬಗ್ಗಿ ಅದನ್ನು ಮಗ್ಗುಲು ಬದಲಿಸಿ ಇಟ್ಟು, ಕಾಲಿನಿಂದ ಒತ್ತಿ ಬಿಗಿಮಾಡಿದ.